‘ಕಸ್ಕೊಂಡ್ರು’ ಅಂತಲೇ ಬರಿ

ನಮ್ಮ ಕೇರಿಗಳಲ್ಲಿ ಅರ್ಜಿ ಎಂಬುದು ಯಾವತ್ತೂ ಇನ್ನೊಬ್ಬರ ಕೈಬರಹವೇ. ನಿಜಾಮನ ಕಾಲದಲ್ಲಿ ಪಟವಾರಿ ಉರ್ದುವಿನಲ್ಲಿ ಬರೆದ. 1956ರಲ್ಲಿ ಬೀದರ ಜಿಲ್ಲೆ ಕನ್ನಡ ನಾಡಿಗೆ ಸೇರಿದ ಮೇಲೆ ಕಚೇರಿ ಮುಂದೆ ಕೂತವರು ಕನ್ನಡದಲ್ಲಿ ಬರೆದರು. ಮೇಲೆ ಏನು ಬರೆದದ ಅಂತ ನಮ್ಮ ಮುತ್ಯಾಗೋಳಿಗೆ ಗೊತ್ತಿರಲಿಲ್ಲ, ಕೆಳಗಿನ ಹೆಬ್ಬೆಟ್ಟು ಮಾತ್ರ ಅವರದು.

ಈಗ ಬರೆಯೋರು ನಾವು. ಬೀದರ, ಭಾಲ್ಕಿ, ಔರಾದಿನ ಕೇರಿಗಳಲ್ಲಿ ಮನೆಗೆ ಮೊದಲ ಡಿಗ್ರಿ ತಂದ ನಾಲ್ಕಾರು ಹುಡುಗ ಹುಡುಗಿಯರು. ಕವಿತೆ ಬರೀತೀವಿ ಅಂದ್ರ ಯಾರೂ ಕೇಳಲ್ಲ, ಅರ್ಜಿ ಬರೀತೀವಿ ಅಂದ್ರ ಚಹಾ ಕುಡಿಸಿ ಕೂಡಿಸ್ತಾರ. ನಮ್ಮ ಪಕ್ಕದಲ್ಲಿ ಈಗ ಇನ್ನೊಬ್ಬ ಬರಹಗಾರ ಬಂದು ಕೂತಾನ, ಮೊಬೈಲಿನೊಳಗಿನ ಎಐ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂತು. ಎರಡು ವರ್ಷದೊಳಗೆ ಅಂಥ ಯಂತ್ರಗಳು ವಾಟ್ಸಾಪಿನೊಳಗೇ ಬಂದವು. ನಾವು ಸಂದೇಶ ಕಳಿಸ್ತೀವಿ, ಅದು ಉತ್ತರ ಕೊಡ್ತದ. ಪಹಣಿಯ ಫೋಟೊ ಕಳಿಸಿದರೆ ಓದ್ತದ. ಅರ್ಧರಾತ್ರಿಯಾದರೂ ಬೇಸರವಿಲ್ಲ, ‘ನೀ ಯಾರ ಪೈಕಿ’ ಅಂತ ಕೇಳಲ್ಲ, ಬಾಗಿಲ ಹೊರಗೆ ನಿಲ್ಲಿಸಲ್ಲ. ಇದು ಸಣ್ಣ ಮಾತಲ್ಲ ಗೆಳೆಯರೆ.

ಟೈಪಿಂಗ್ ಅಂಗಡಿಯ ಹಳೆಯ ಫೈಲು ಕಳಿಸಿದರೆ ಮಾತ್ರ ಅದು ತಬ್ಬಿಬ್ಬಾಗ್ತದ. ಯೂನಿಕೋಡಿಗಿಂತ ಹಿಂದಿನ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕೂಡಿಸಿದ್ದರು. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷಿನ ಕಲಸುಮೇಲೋಗರ. ಯೂನಿಕೋಡಿಗೆ ತಿರುಗಿಸಿ ಕಳಿಸಬೇಕು. ಇದು ಸುಲಭದ ತೊಂದರೆ. ಕಷ್ಟದ್ದು ಬೇರೆಯೇ ಅದ.

ಔರಾದ ಕಡೆಯ ಒಬ್ಬ ಆಯಿ. ಗಂಡನಿಗೆ ಸರ್ಕಾರ ಮಂಜೂರು ಮಾಡಿದ ಹೊಲ ಈಗ ಬೇರೆಯವರ ಹೆಸರಲ್ಲಿದೆ. ಆಯಿ ಹೇಳಿದ್ದಿಷ್ಟು: “ಬರಗಾಲದಾಗ ಎರಡು ಚೀಲ ಜೋಳ ಕೊಟ್ಟು, ನನ್ನ ಗಂಡನ ಹೆಬ್ಬೆಟ್ಟು ಒತ್ತಿಸ್ಕೊಂಡು ಹೊಲ ಕಸ್ಕೊಂಡ್ರು ನೋಡಪಾ.” ಅದನ್ನು ಹಾಗೇ ಟೈಪು ಮಾಡಿ, ಅರ್ಜಿ ಮಾಡಿಕೊಡು ಅಂದೆವು. ಯಂತ್ರ ಕೊಟ್ಟಿದ್ದು: ‘ಸದರಿ ಜಮೀನು ಆರ್ಥಿಕ ಸಂಕಷ್ಟದ ಕಾರಣದಿಂದ ಅನ್ಯ ವ್ಯಕ್ತಿಗೆ ವರ್ಗಾವಣೆಯಾಗಿರುತ್ತದೆ.’

ಕಾಗುಣಿತ ತಪ್ಪಿಲ್ಲ. ಆದರೆ ಕಸ್ಕೊಂಡವ ಎಲ್ಲಿ ಹೋದ? ಜೋಳದ ಚೀಲ ಎಲ್ಲಿ? ಹೊಲ ತಾನೇ ಎದ್ದು ನಡ್ಕೋತ ಸಾಹುಕಾರನ ಮನೀಗೆ ಹೋಯ್ತೇನು? ಈ ವಾಕ್ಯ ಯಂತ್ರದ ಸ್ವಂತದ್ದಲ್ಲ. ಅದು ಕಲಿತದ್ದು ಈಗಾಗಲೇ ಬರೆದಿಟ್ಟದ್ದರಿಂದ. ಬರೆದಿಟ್ಟವರು ಯಾರು? ಮರಾಠಿ, ಉರ್ದು, ತೆಲುಗು ಎಲ್ಲ ಕೂಡಿದ ಆಯಿಯ ಕನ್ನಡ ಎಷ್ಟು ಅಚ್ಚಾಗಿತ್ತು, ಅದು ಕಲಿಯಾಕ?

ಕಾಯ್ದೆ ಕೇಳಿದಾಗ ಸರಿಯಾಗೇ ಹೇಳಿತು, ಒಪ್ಪಬೇಕು. ಪಿಟಿಸಿಎಲ್ ಎಂದು ಕರೆಯುವ 1978ರ ಕಾಯ್ದೆಯ ಪ್ರಕಾರ, ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದರೆ ಆ ಮಾರಾಟ ನಿಲ್ಲುವುದಿಲ್ಲ. ತಡಮಾಡದೆ ಅರ್ಜಿ ಹಾಕಬೇಕೆಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2023ರಲ್ಲಿ ತಿದ್ದುಪಡಿಯಾಗಿ, ಅರ್ಜಿಗೆ ಕಾಲಮಿತಿ ಇಲ್ಲವೆಂದಾಯಿತು. ಆದರೆ ಆಮೇಲೂ ಹೈಕೋರ್ಟಿನಲ್ಲಿ ವಿಳಂಬದ ವಾದ ನಿಂತಿಲ್ಲ. ಅದನ್ನು ಯಂತ್ರ ಹೇಳಲಿಲ್ಲ, ಬೀದರಿನ ವಕೀಲರೊಬ್ಬರು ಹೇಳಿದರು.

ಅನುಮತಿ ಇರಲಿಲ್ಲ ಎಂಬುದೇ ಕಾಯ್ದೆಗೆ ಸಾಕು, ಬಲವಂತ ಸಾಬೀತಾಗಬೇಕಿಲ್ಲ. ಹಂಗಾದರ ‘ಕಸ್ಕೊಂಡ್ರು’ ಯಾಕ ಬೇಕು ಅಂತ ನಮ್ಮೊಳಗೇ ಜಗಳ ಬಿತ್ತು. ಎರಡನ್ನೂ ಆಯಿಗೆ ಓದಿ ಹೇಳಿದೆವು. ಯಂತ್ರದ್ದು ಕೇಳಿ ಆಕೆ, “ಇದು ಯಾರ ಹೊಲದ ಮಾತು?” ಅಂದಳು. ಜಗಳ ಅಲ್ಲಿಗೆ ಮುಗೀತು.

ಆಕೆಯ ಮಾತು ಮುಟ್ಟಬೇಡ, ಕಾಯ್ದೆಯ ಭಾಗ ಮಾತ್ರ ಬರಿ ಎಂದು ಮತ್ತೆ ಸಂದೇಶ ಹಾಕಿದೆವು. ಯಂತ್ರ ಕ್ಷಮೆ ಕೇಳಿ ಹಾಗೇ ಮಾಡಿತು. ಅಷ್ಟು ಬೇಗ ಕ್ಷಮೆ ಕೇಳಿದ ಬರಹಗಾರನನ್ನು ನಮ್ಮ ಕೇರಿ ಕಂಡಿಲ್ಲ ಬಿಡ್ರಿ.

ಈಗ ನಾವು ಮೊದಲು ಹಿರಿಯರ ಮಾತನ್ನು ಮೊಬೈಲಿನಲ್ಲಿ ಹಿಡಿದು, ಕೈಯಲ್ಲಿ ಬರೆದುಕೊಂಡು, ಅವರಿಗೇ ಓದಿ ಹೇಳ್ತೀವಿ. ಯಂತ್ರಕ್ಕೆ ಕೇಳೋದು ಆಮೇಲೆ. ಕಾಗದ ಕಳಿಸುವಾಗ ಹೆಸರು, ಸರ್ವೆ ನಂಬರ್ ಮುಚ್ಚಿ ಕಳಿಸ್ತೀವಿ. ಆಧಾರಂತೂ ಕಳಿಸೋದೇ ಇಲ್ಲ. ಹೊಲ ಹೋದ ಮಂದಿಯ ಕಾಗದ ಎಲ್ಲಿಗೆ ಹೋಗಿ ಕೂಡ್ತದೋ ಯಾರಿಗೆ ಗೊತ್ತು.

ಆಯಿಯ ಅರ್ಜಿ ಎಸಿ ಸಾಹೇಬರ ಕಚೇರಿಯಲ್ಲಿದೆ, ವಿಚಾರಣೆಯ ತಾರೀಖು ಬಂದಿಲ್ಲ. ಅದರ ಎರಡನೇ ಪ್ಯಾರಾ ಪೂರಾ ಆಕೆಯದು, ಜೋಳದ ಚೀಲ ಸಮೇತ. ಭಾಲ್ಕಿ ಕಡೆಯ ಮೂರು ಅರ್ಜಿ ಇನ್ನೂ ಬರೆಯೋದು ಅದ.