ವೆಂಟಿಲೇಟರ್ ಬೇಡ ಅಂದ ಅಪ್ಪ

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾನು ಅಪ್ಪನಿಗೆ ಹೇಳಬಾರದ ಒಂದು ಮಾತು ಹೇಳಿಬಿಟ್ಟೆ.

ಅಜ್ಜಿಗೆ 84 ವರ್ಷ. ಕ್ಯಾನ್ಸರ್ ಶ್ವಾಸಕೋಶದವರೆಗೂ ಹರಡಿತ್ತು. "ಉಸಿರಾಟ ತೀರಾ ಕಷ್ಟ ಆದ್ರೆ ವೆಂಟಿಲೇಟರ್ ಹಾಕೋಣ್ವಾ? ಕೆಲವು ದಿನ ಹೆಚ್ಚು ಸಿಗಬಹುದು, ಕಾಯಿಲೆ ಮಾತ್ರ ವಾಸಿ ಆಗಲ್ಲ" ಅಂದ್ರು ಡಾಕ್ಟರ್. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು "ಬೇಡ" ಅಂದರು. ಹೊರಗೆ ಬಂದ ಮೇಲೆ ನಾನು ಕೇಳೇಬಿಟ್ಟೆ: "ದುಡ್ಡು ಉಳಿಸೋಕೆ ಅಜ್ಜೀನ ಸಾಯಿಸ್ತಿದ್ದೀರಾ?" ಅಪ್ಪ ಉತ್ತರ ಕೊಡಲಿಲ್ಲ.

ನಾವು ಕ್ಯಾಥೊಲಿಕರು. ಜೀವ ದೇವರ ಕೊಡುಗೆ, ಅದನ್ನ ತೆಗೆಯೋ ಹಕ್ಕು ಯಾರಿಗೂ ಇಲ್ಲ ಅಂತ ಚಿಕ್ಕಂದಿನಿಂದ ಚರ್ಚಲ್ಲಿ ಕೇಳಿದ್ದೇನೆ. ದಯಾಮರಣ ತಪ್ಪು. ಹಾಗಾದ್ರೆ ಮಷಿನ್ ಇದ್ದೂ ಹಾಕದೇ ಇರೋದು ತಪ್ಪಲ್ವಾ? ನನ್ನ ಲೆಕ್ಕ ಅಷ್ಟು ಸರಳವಾಗಿತ್ತು.

ಆ ರಾತ್ರಿ ಆಸ್ಪತ್ರೆಯಲ್ಲೇ ಕೂತು ಫೋನಲ್ಲಿ ಹುಡುಕಿದೆ. ಇದೇ ಪ್ರಶ್ನೆಯನ್ನ ಅರಿವಳಿಕೆ ವೈದ್ಯರು 1957ರಲ್ಲೇ ಪೋಪ್ ಹನ್ನೆರಡನೇ ಪಯಸ್ ಅವರನ್ನ ಕೇಳಿದ್ದರಂತೆ. ಅದಕ್ಕೆ ಐದು ವರ್ಷ ಮುಂಚೆ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿದಾಗ, ಮೆಡಿಕಲ್ ವಿದ್ಯಾರ್ಥಿಗಳು ಪಾಳಿ ಹಾಕಿಕೊಂಡು ಕೈಯಲ್ಲೇ ಚೀಲ ಒತ್ತಿ ರೋಗಿಗಳಿಗೆ ಉಸಿರು ಕೊಟ್ಟಿದ್ದರು. ಆಮೇಲೆ ಆ ಕೈಗಳ ಕೆಲಸಕ್ಕೆ ಮಷಿನ್ ಬಂತು. ಕೈ ಸೋಲುತ್ತೆ, ಮಷಿನ್ ಸೋಲಲ್ಲ. ಹಾಗಾಗಿ ಎಲ್ಲಿ ನಿಲ್ಲಿಸಬೇಕು ಅನ್ನೋದನ್ನ ಮನುಷ್ಯರೇ ತೀರ್ಮಾನಿಸಬೇಕಾಯ್ತು.

ಪೋಪ್ ಕೊಟ್ಟ ಉತ್ತರ ಹೀಗಿದೆ: ಜೀವ ಉಳಿಸಿಕೊಳ್ಳಲು ಸಾಮಾನ್ಯ ಚಿಕಿತ್ಸೆ ಪಡೆಯುವುದು ಕರ್ತವ್ಯ. ರೋಗಿಗೋ ಇತರರಿಗೋ ವಿಪರೀತ ಹೊರೆಯಾಗುವ ಅಸಾಮಾನ್ಯ ಚಿಕಿತ್ಸೆ ಕಡ್ಡಾಯವಲ್ಲ. ವ್ಯಾಟಿಕನ್ 1980ರಲ್ಲಿ ಇದನ್ನ ಇನ್ನಷ್ಟು ಬಿಡಿಸಿ ಹೇಳಿತು. ಚಿಕಿತ್ಸೆಯ ಕಷ್ಟ, ಅಪಾಯ, ಖರ್ಚು ಎಲ್ಲವನ್ನೂ ಅದರಿಂದ ಸಿಗುವ ಫಲದ ಜೊತೆ ತೂಗಿ ನೋಡಬೇಕು. ಸಾಯಿಸೋಕೆ ಇಂಜೆಕ್ಷನ್ ಕೊಡೋದು ಬೇರೆ, ಸಾವನ್ನ ಇನ್ನು ತಡೆಯೋಕಾಗಲ್ಲ ಅಂತ ಒಪ್ಪಿಕೊಳ್ಳೋದು ಬೇರೆ. ಆದ್ರೆ ಆರೈಕೆ ಮಾತ್ರ ನಿಲ್ಲಿಸುವಂತಿಲ್ಲ. ನೋವು ಕಡಿಮೆ ಮಾಡೋ ಔಷಧಿ ಕೊಡಬಹುದು, ಅದರಿಂದ ಆಯಸ್ಸು ಸ್ವಲ್ಪ ಕಡಿಮೆಯಾಗೋ ಸಾಧ್ಯತೆ ಇದ್ದರೂ.

'ಖರ್ಚು' ಅನ್ನೋ ಪದ ಓದಿ ನನಗೆ ನಾಚಿಕೆಯಾಯ್ತು. ಅಪ್ಪ ದುಡ್ಡಿನ ಬಗ್ಗೆ ಯೋಚಿಸಿದ್ದರೂ ಅದು ಪಾಪ ಆಗ್ತಿರಲಿಲ್ಲ.

ಆದ್ರೂ ಒಂದು ವಿಷಯ ಇನ್ನೂ ಕೊರೀತಾ ಇದೆ. ಹೊರೆ ಎಷ್ಟಾದ್ರೆ ವಿಪರೀತ? ದುಡ್ಡಿರೋರ ಮನೆ ಅಜ್ಜಿಗೆ ಒಂದು ಉತ್ತರ, ನಮ್ಮಂಥವರ ಮನೆ ಅಜ್ಜಿಗೆ ಇನ್ನೊಂದು ಉತ್ತರ ಬಂದ್ರೆ? ಎಲ್ಲರ ಜೀವಕ್ಕೂ ಒಂದೇ ಬೆಲೆ ಅಂತ ನಂಬುವವರು ಈ ಪ್ರಶ್ನೆಯನ್ನೂ ಕೇಳಬೇಕು ಅನ್ಸುತ್ತೆ. ಇದಕ್ಕೆ ಯಾವ ಫಾರ್ಮುಲಾನೂ ಇಲ್ಲ.

ಅಜ್ಜೀನ ಮನೆಗೆ ಕರ್ಕೊಂಡು ಬಂದ್ವಿ. ಫಾದರ್ ಬಂದು ಹಣೆಗೆ, ಅಂಗೈಗೆ ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡಿದ್ರು. ಅಜ್ಜಿ ಇನ್ನೂ ನಾಲ್ಕು ದಿನ ಇದ್ದರು. ಎಚ್ಚರ ಇದ್ದಾಗಲೆಲ್ಲ "ಊಟ ಆಯ್ತಾ?" ಅಂತ ನನ್ನನ್ನೇ ಕೇಳೋರು. ಬಾಯಲ್ಲಿ ಪೈಪ್ ಇದ್ದಿದ್ರೆ ಆ ಮಾತು ಕೇಳೋಕೆ ಆಗ್ತಿರಲಿಲ್ಲ.

ಎರಡನೇ ರಾತ್ರಿ ಅಪ್ಪ ಚಮಚದಲ್ಲಿ ಅಜ್ಜಿಗೆ ನೀರು ಕುಡಿಸ್ತಾ ಇದ್ರು. "ಸಾರಿ ಅಪ್ಪ" ಅಂದೆ. ಅವರು ತಿರುಗಿ ನೋಡಲಿಲ್ಲ. ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿ, ಚಮಚ ನನ್ನ ಕೈಗೆ ಕೊಟ್ಟರು.