ಕೋಟೆಯ ಮಣ್ಣಿನ ಕಪ್ಪು

ಅಂಗೈಯಗಲದ ಪ್ಲಾಸ್ಟಿಕ್ ಯುದ್ಧಟ್ಯಾಂಕುಗಳಿಗೆ ಬಣ್ಣ ಬಳಿದು, ಮೇಲೆ ಮಸಿ, ಕೆಸರು, ತುಕ್ಕಿನ ಛಾಯೆಗಳನ್ನು ತೀಡಿ, ಅವು ಈಗತಾನೆ ರಣರಂಗದಿಂದ ಮರಳಿದಂತೆ ತೋರಿಸುವುದು ನನ್ನ ಹತ್ತು ವರ್ಷದ ಮಗನ ಹವ್ಯಾಸ. "ಹೊಸದನ್ನು ಹಳೆಯದಾಗಿಸುವ ಈ ವಿದ್ಯೆ ಏತಕ್ಕೆ?" ಎಂದು ಗದರಿದ್ದೂ ಉಂಟು.

ಕಳೆದ ರಜೆಯಲ್ಲಿ ಔರಾದಿನ ಬಂಧುಗಳ ಮನೆಯಿಂದ ಬೀದರ್ ಮಾರ್ಗವಾಗಿ ಭಾಲ್ಕಿಗೆ ಹಿಂದಿರುಗುತ್ತಿದ್ದೆವು. ಬೀದರಿನಲ್ಲಿ ಬಿದರಿ ಕುಶಲಿಗರ ಅಂಗಡಿಯೊಂದನ್ನು ಹೊಕ್ಕೆವು. ಬಹುಪಾಲು ಸತುವಿಗೆ ಅಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿ. ಮೈಲುತುತ್ತಿನ ನೀರು ಸವರಿ, ಬಳ್ಳಿ ಬರೆದು, ಉಳಿಯಿಂದ ಕೊರೆದು, ಬೆಳ್ಳಿಯ ತಂತಿ ಕೂರಿಸಿದ್ದರು. ಉಜ್ಜಿ ನಯಗೊಳಿಸಿದಾಗಲಂತೂ ಸತುವೂ ಬೆಳ್ಳಿಯೂ ಒಂದೇ ಬಿಳುಪಾಗಿ ಬಳ್ಳಿಯೇ ಮಾಯ! ಬಳಿಕ ಕೋಟೆಯ ಹಳೆಯ ಮಣ್ಣು, ನವಸಾಗರ ಬೆರೆಸಿದ ಬಿಸಿನೀರಿನಲ್ಲಿ ಅದ್ದಿದರು. ಮೈಯೆಲ್ಲ ಕಾಡಿಗೆಗಪ್ಪು, ಬೆಳ್ಳಿ ಮಾತ್ರ ಬೆಳ್ಳಗೆ.

ಮಗ ಜೇಬಿನಿಂದ ಟ್ಯಾಂಕು ತೆಗೆದು, "ಅಜ್ಜಾ, ಇದನ್ನೂ ಅದ್ದಿ ಕೊಡ್ರಿ" ಎಂದ.

ವೃದ್ಧರು ನಕ್ಕರು. "ಇದು ಕರ್ರಗ ಆಗಂಗಿಲ್ಲ ಮಗಾ. ಮಣ್ಣು ಬಣ್ಣ ಅಲ್ಲ. ಒಳಗ ಸತು ಇದ್ರಷ್ಟೇ ಅದು ಹಿಡೀತದ." ಆಟಿಕೆಯನ್ನು ತಿರುಗಿಸಿ ನೋಡಿ ಮೆಲ್ಲಗೆ ಸೇರಿಸಿದರು: "ಆದ್ರ ಮಸಿ ಛಲೋ ತೀಡೀದಿ. ನನ್ನ ಮೊಮ್ಮಗ ಇಷ್ಟು ಹೊತ್ತು ಒಂದ್ ಕಡೆ ಕೂಡಂಗಿಲ್ಲ."

ಬಿದರಿಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2023ರಲ್ಲಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಿತು. ಗೌರವಗಳು ಬಂದಿವೆ. ತಾಳ್ಮೆಯಿಂದ ಕೂರುವ ಎಳೆಯ ಕೈಗಳು ಬರಬೇಕಷ್ಟೆ.

ಭಾಲ್ಕಿ ತಲಪುವವರೆಗೂ ಮಗ ಮಾತಾಡಲಿಲ್ಲ. ಅಂದಿನಿಂದ ನಾನೂ ಗದರಿಲ್ಲ.