ತೊಟ್ಟಿನ ಬಾಗಿಲು

ಮೆಣಸಿನಕಾಯಿಯ ತೊಟ್ಟು ಕೊಯ್ದು, ಆ ದುಂಡು ಬಾಯಿಗೆ ಉಕ್ಕಿನ ತುದಿ ಇಟ್ಟು ಒತ್ತಿದರೆ ಮೊದಲ ಗಳಿಗೆ ಏನೂ ಆಗುವುದಿಲ್ಲ. ಆಮೇಲೆ ಕರ್ರ್ ಎಂದು ಒಂದು ಸಣ್ಣ ಸದ್ದು. ಬೆಳಿಗ್ಗೆ ಸಂತೆಯಿಂದ ತಂದ ಕಾಯಿಯಾದರೆ ಸದ್ದು ಗಟ್ಟಿ. ಎರಡು ದಿನ ಫ್ರಿಜ್ಜಿನಲ್ಲಿ ಬಿದ್ದಿದ್ದರೆ ಬರೀ ಉಸಿರಿನಷ್ಟು. ಸದ್ದು ಕೇಳಿದ ಕೂಡಲೇ ಕೈ ನಿಧಾನವಾಗಬೇಕು. ಬಲಗೈಯಲ್ಲಿ ಹಿಡಿಕೆ ಕದಲದೆ ನಿಂತಿರಬೇಕು, ಎಡಗೈಯಲ್ಲಿ ಕಾಯಿ ತಿರುಗಬೇಕು. ಒಂದು ಸುತ್ತು, ಒಂದೂವರೆ ಸುತ್ತು. ಮೆಲ್ಲಗೆ ಹೊರಕ್ಕೆ ಎಳೆದರೆ ಬಿಳಿಯ ದಿಂಡು ಬೀಜದ ಗೊಂಚಲನ್ನು ಹೊತ್ತುಕೊಂಡು ಇಡಿಯಾಗಿ ಬರುತ್ತದೆ. ಎಡಗೈಯಲ್ಲಿ ಉಳಿಯುವುದು ಒಂದು ಹಸಿರು ಕೊಳವೆ. ಎಲ್ಲೂ ಸೀಳಿಲ್ಲ, ಗೀರಿಲ್ಲ. ಅದನ್ನು ಕಿಟಕಿಯ ಕಡೆ ಎತ್ತಿ ಹಿಡಿದು ಬಾಯಿಯಿಂದ ಇಣುಕಿದರೆ ಒಳಗೆಲ್ಲ ಎಳೆ ಹಸಿರು ಬೆಳಕು. ಎಷ್ಟೇ ಅವಸರವಿದ್ದರೂ ನಾನು ಪ್ರತಿ ಕಾಯಿಯನ್ನೂ ಹೀಗೆ ಒಮ್ಮೆ ಎತ್ತಿ ನೋಡಿಯೇ ತಟ್ಟೆಗೆ ಇಡುತ್ತೇನೆ.

ನಾನು ಬೆಳೆದದ್ದು ಧಾರವಾಡದಲ್ಲಿ. ನಮ್ಮಲ್ಲಿ ತುಂಬಿದ ಮೆಣಸಿನಕಾಯಿ ಎಂದರೆ ಹೊಟ್ಟೆ ಸೀಳಿದ ಮೆಣಸಿನಕಾಯಿ. ಅವ್ವ ಈಳಿಗೆಯ ಮುಂದೆ ಕೂತು ಉದ್ದಕ್ಕೆ ಒಂದು ಸೀಳು ಹಾಕುವಳು, ಚಮಚದ ಹಿಡಿಕೆಯಿಂದ ಬೀಜ ಕೆದಕಿ ತೆಗೆಯುವಳು. ಆಮೇಲೆ ಹುರಿದ ಕಡಲೆಹಿಟ್ಟು, ತರಿತರಿಯಾಗಿ ಕುಟ್ಟಿದ ಶೇಂಗಾ, ಗುರೆಳ್ಳಿನ ಪುಡಿ, ಹುಣಸೆ, ಚೂರು ಬೆಲ್ಲ ಎಲ್ಲವನ್ನೂ ಕಲಸಿ ತುಂಬಿ, ಒಮ್ಮೊಮ್ಮೆ ದಾರ ಸುತ್ತಿ, ಹಂಚಿನ ಮೇಲೆ ಎಣ್ಣೆಯಲ್ಲಿ ಹೊರಳಿಸುವಳು. ಬಿಸಿ ತಾಗಿ ಕಾಯಿ ಮೆತ್ತಗಾಗುತ್ತಲೇ ಸೀಳು ಬಾಯಿ ತೆರೆಯುತ್ತಿತ್ತು. ತುಂಬಿದ್ದರಲ್ಲಿ ಅರ್ಧ ಹೊರಬಿದ್ದು ಎಣ್ಣೆಯಲ್ಲಿ ಕೆಂಪಗೆ ಹುರಿಯುತ್ತಿತ್ತು. ಆ ಗರಿಗರಿ ಪುಡಿಯನ್ನು ನಾವು ಮಕ್ಕಳು ಜೋಳದ ರೊಟ್ಟಿಯ ಚೂರಿನಿಂದ ಒರೆಸಿ ಒರೆಸಿ ತಿನ್ನುತ್ತಿದ್ದೆವು. ಅವ್ವನಿಗೆ ಮಾತ್ರ ಬೇಸರ. "ಇಷ್ಟೊತ್ತು ತುಂಬಿದ್ದೆಲ್ಲಾ ಹೊರಗ ಬಂತು ನೋಡು ತಮ್ಮಾ," ಅನ್ನುವಳು. ಸಂಜೆಯವರೆಗೂ ಅವಳ ಬೆರಳು ಉರಿಯುತ್ತಿದ್ದವು. ನಮ್ಮನ್ನು ಹತ್ತಿರ ಕರೆದು ತಲೆ ಸವರಬೇಕೆಂದರೆ ಮುಂಗೈಯಿಂದ ಸವರುವಳು.

ಕೊರೆಯುವ ಸಾಧನ ನಮ್ಮ ಮನೆಗೆ ಬಂದದ್ದು ಅಕ್ಕನ ಮಗಳ ಕೈಯಲ್ಲಿ. ಅವಳಿರುವುದು ಅಮೆರಿಕದ ಟೆಕ್ಸಸ್‌ನಲ್ಲಿ. ಅಲ್ಲಿ ಹಲಪೀನ್ಯೊ ಎಂಬ ಗಿಡ್ಡ ದಪ್ಪ ಮೆಣಸಿನಕಾಯಿಯ ಒಳಗೆ ಚೀಸ್ ತುಂಬಿ ಕೆಂಡದ ಮೇಲೆ ಸುಡುತ್ತಾರಂತೆ. ತುಂಬಿದ ಕಾಯಿಗಳನ್ನು ನೆಟ್ಟಗೆ ನಿಲ್ಲಿಸಲು ತೂತುಗಳ ಒಂದು ತಗಡಿನ ಪೀಠವನ್ನೂ ಮಾರುತ್ತಾರೆ. "ಮಾಮಾ, ನಿಮಗ ಮೆಣಸಿನಕಾಯಿ ತುಂಬೂದು ಸೇರತದಲ್ಲ, ಅದಕ್ಕ ತಂದೀನಿ ನೋಡ್ರಿ," ಎಂದು ಅವಳು ಕೈಗಿಟ್ಟದ್ದು ನೋಡಲು ತೀರಾ ಸಾಮಾನ್ಯ. ಉದ್ದಕ್ಕೆ ಸೀಳಿದ ಸಣ್ಣ ಬಿದಿರಿನಂತೆ ದೋಣಿಯಾಗಿ ಬಾಗಿದ ಒಂದು ಉಕ್ಕಿನ ಪಟ್ಟಿ. ನನ್ನ ನಡುಬೆರಳಿಗಿಂತ ತುಸು ಉದ್ದ, ಅಗಲ ಕಿರುಬೆರಳಿನಷ್ಟೂ ಇಲ್ಲ. ಎರಡೂ ಅಂಚಿಗೆ ಗರಗಸದ ಹಲ್ಲು, ತುದಿ ಮೊನಚು, ಹಿಂದೆ ಒಂದು ಮರದ ಹಿಡಿಕೆ. ಅಂಗಡಿಯಲ್ಲಿ ಅದಕ್ಕೆ ಕೋರರ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಮೊದಲ ದಿನದಿಂದಲೂ 'ಕೊರಿಯೂದು'.

ಹಲಪೀನ್ಯೊಗೆ ಆ ಹೆಸರು ಬಂದದ್ದು ಮೆಕ್ಸಿಕೋದ ವೆರಾಕ್ರೂಜ್ ಪ್ರಾಂತ್ಯದ ಹಲಾಪಾ ಊರಿನಿಂದ. ಮೆಣಸಿನಕಾಯಿಯ ಇಡೀ ಕುಲದ ತವರೇ ಅಮೆರಿಕ ಖಂಡಗಳ ನೆಲ. 16ನೇ ಶತಮಾನದಲ್ಲಿ ಪೋರ್ಚುಗೀಸರು ಹಡಗಿನಲ್ಲಿ ತರುವವರೆಗೆ ನಮ್ಮ ಅಡುಗೆಯ ಖಾರ ಹೆಚ್ಚಾಗಿ ಬಳ್ಳಿಯ ಕರಿಮೆಣಸಿನದು. ಹೊಸದಾಗಿ ಬಂದ ಕಾಯಿಗೆ ನಮ್ಮವರು ಮನೆಯಲ್ಲಿದ್ದ ಹೆಸರನ್ನೇ ಕೊಟ್ಟು 'ಮೆಣಸಿನಕಾಯಿ' ಎಂದು ಕರೆದು ಒಳಗೆ ಮಾಡಿಕೊಂಡರು. ಎಷ್ಟು ಒಳಗೆ ಎಂದರೆ, ನಮ್ಮ ಸೀಮೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಈ ನೆಲದ್ದೇ ಬೆಳೆ ಎಂಬ ಭೌಗೋಳಿಕ ಗುರುತು ಕೂಡ ಸಿಕ್ಕಿತು. ಅವ್ವ ವರ್ಷದ ಖಾರಕ್ಕೆ ಬ್ಯಾಡಗಿ ಕಾಯಿ ಕೊಳ್ಳುವಾಗ ಸುಕ್ಕು ನೋಡುವಳು, ಬಣ್ಣ ನೋಡುವಳು, ಕೊನೆಗೆ ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವಳು. ಒಳಗೆ ಬೀಜ ಗಲಗಲ ಅಂದರೆ ಕಾಯಿ ಚೆನ್ನಾಗಿ ಒಣಗಿದೆ ಎಂದು ಅರ್ಥ. ಅಂಥ ಮನೆಗೆ, ಮೆಣಸಿನಕಾಯಿ ಬಂದು ಐದು ಶತಮಾನ ಕಳೆದ ಮೇಲೆ, ಅದೇ ಸಮುದ್ರಗಳಾಚೆಯಿಂದ ಅದನ್ನು ಕೊರೆಯುವ ಉಕ್ಕೂ ಬಂತು. ನನಗೆ ಇದು ತುಂಬಾ ಇಷ್ಟವಾದ ಸಂಗತಿ.

ಕೊರೆಯತೊಡಗಿದ ಮೇಲೆಯೇ ನಾನು ಮೆಣಸಿನಕಾಯಿಯ ಒಳಗನ್ನು ಸರಿಯಾಗಿ ನೋಡಿದ್ದು. ತೊಟ್ಟಿನ ಕೆಳಗಿನಿಂದ ಒಂದು ಬಿಳಿ ದಿಂಡು ಇಳಿಯುತ್ತದೆ. ಅದರಿಂದ ತೆಳುವಾದ ಗೋಡೆಗಳು ಹೊರಟು ಕಾಯಿಯ ಸಿಪ್ಪೆಗೆ ಅಂಟಿಕೊಂಡು, ಒಳಗನ್ನು ಎರಡೋ ಮೂರೋ ಕೋಣೆಗಳಾಗಿ ಮಾಡುತ್ತವೆ. ಬೀಜಗಳೆಲ್ಲ ದಿಂಡಿಗೇ ಜೋತುಬಿದ್ದಿರುತ್ತವೆ. ನಾವೆಲ್ಲ ಬೀಜವೇ ಖಾರ ಎಂದು ನಂಬಿ ಬೆಳೆದವರು. ಖಾರದ ಕ್ಯಾಪ್ಸೈಸಿನ್ ಹುಟ್ಟುವುದು ಆ ಬಿಳಿ ದಿಂಡಿನಲ್ಲಿ, ಆ ಗೋಡೆಗಳಲ್ಲಿ. ಬೀಜಕ್ಕೆ ಖಾರ ತಗಲುವುದು ಬರೀ ನೆರೆಹೊರೆಯಿಂದ. ಅವ್ವ ಚಮಚದ ಹಿಡಿಕೆಯಿಂದ ಬೀಜವನ್ನೆಲ್ಲ ಕೆದಕಿ ತೆಗೆದರೂ ಕೆಲವು ಕಾಯಿ ಕಣ್ಣಲ್ಲಿ ನೀರು ತರಿಸುತ್ತಿದ್ದವು. ಅಲ್ಲಿ ಗೋಡೆ ಉಳಿದಿರುತ್ತಿತ್ತು. ಮೆಣಸಿನಕಾಯಿಯ ಸಾರವನ್ನು ಸಕ್ಕರೆ ನೀರಿನಲ್ಲಿ ತೆಳು ಮಾಡುತ್ತಾ ಹೋಗಿ, ನಾಲಗೆಗೆ ಖಾರ ತಿಳಿಯದೇ ಹೋಗುವುದು ಯಾವಾಗ ಎಂದು ಅಳೆಯುವ ವಿಧಾನವನ್ನು ಅಮೆರಿಕದ ಔಷಧತಜ್ಞ ವಿಲ್ಬರ್ ಸ್ಕೋವಿಲ್ 1912ರಲ್ಲಿ ತಂದ. ಅವನ ಅಳತೆಯಲ್ಲಿ ಹಲಪೀನ್ಯೊ ಸುಮಾರು 2,500ರಿಂದ 8,000ದವರೆಗೆ, ದೊಣ್ಣೆ ಮೆಣಸಿನಕಾಯಿ ಸೊನ್ನೆ. ನನ್ನ ಅಳತೆ ಕೊರೆಯುವುದರ ಸುತ್ತಿನಲ್ಲಿದೆ. ಮೊಮ್ಮಗಳ ಪಾಲಿನ ಕಾಯಿಗೆ ಎರಡು ಸುತ್ತು ಪೂರ್ತಿ ತಿರುಗಿಸಿ, ಅಂಚಿನ ಹಲ್ಲಿನಿಂದ ಗೋಡೆಯ ಬುಡವನ್ನೂ ಕೆರೆದು ತೆಗೆಯುತ್ತೇನೆ. ಅಣ್ಣನಿಗಾದರೆ ಒಂದೇ ಸುತ್ತು. ಎರಡು ಗೋಡೆ ಹಾಗೇ ಇರಲಿ ಎಂದು ಬಿಡುತ್ತೇನೆ. ತಟ್ಟೆಯಲ್ಲಿ ಯಾರದು ಯಾವುದು ಎಂಬ ಗುರುತಿಗೆ ತೊಟ್ಟನ್ನು ಉದ್ದ ಗಿಡ್ಡ ಕೊಯ್ದಿರುತ್ತೇನೆ.

ಉರಿಯ ಬಗ್ಗೆ ಒಂದು ಮಾತು. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ಕೆಲಸಕ್ಕೆ ಕೂರುವ ಮೊದಲು ಕೈಗೆ ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿ, ಮುಗಿದ ಮೇಲೆ ಮತ್ತೆ ಎಣ್ಣೆ ತಿಕ್ಕಿ ಆಮೇಲೆ ಸಾಬೂನು ಹಚ್ಚಿ ತೊಳೆಯುತ್ತೇನೆ. ಬರೀ ನೀರಿನಲ್ಲಿ ತೊಳೆದು ತೊಳೆದು ಅವ್ವ ಅಷ್ಟು ವರ್ಷ ಪಟ್ಟ ಉರಿಯನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಎಲ್ಲ ಕಾಯಿಗೂ ಈ ಸಾಧನ ಒಗ್ಗುವುದಿಲ್ಲ. ದೊಣ್ಣೆ ಮೆಣಸಿನಕಾಯಿಗೆ ಹೆಬ್ಬೆರಳೇ ಸಾಕು: ತೊಟ್ಟಿನ ಸುತ್ತ ಚಾಕು ಆಡಿಸಿ, ಒಳಕ್ಕೆ ಒತ್ತಿ, ತಿರುಗಿಸಿ ಎಳೆದರೆ ಗುಂಡಿಗೆಯಂತೆ ಇಡೀ ತಿರುಳು ಕಿತ್ತು ಬರುತ್ತದೆ. ಬಾಳಕದ ಕಾಯಿಯನ್ನು ಸೀಳಲೇಬೇಕು. ಮಜ್ಜಿಗೆ ಒಳಹೊಕ್ಕು ಉಪ್ಪು ಹಿಡಿಯಬೇಕು, ಬಿಸಿಲು ಒಳಗಿನವರೆಗೆ ಮುಟ್ಟಬೇಕು. ಅಲ್ಲಿ ಅವ್ವನ ಈಳಿಗೆಯೇ ಸರಿ. ಕೊರೆಯಲು ಹೇಳಿ ಮಾಡಿಸಿದ್ದು ಬಜ್ಜಿಯ ಮೆಣಸಿನಕಾಯಿ. ಸಂತೆಯಲ್ಲಿ ಕಾಯಿ ಆರಿಸುವುದೂ ಈಗ ನನಗೆ ಬೇರೆ ಥರದ ಕೆಲಸವಾಗಿದೆ. ನೆಟ್ಟಗಿರಬೇಕು, ಕೊಕ್ಕೆಯಂತೆ ಬಾಗಿರಬಾರದು; ಬಾಗಿದಲ್ಲಿ ತುದಿ ಒಳಗಿನಿಂದ ಸಿಪ್ಪೆಯನ್ನು ತೂರಿ ಹೊರಬರುತ್ತದೆ. ಹೆಗಲು ಅಗಲವಾಗಿರಬೇಕು. ಹಿಚುಕಿದರೆ ಗಟ್ಟಿ ಇರಬೇಕು, ತೊಟ್ಟು ಹಸಿರಾಗಿರಬೇಕು. ಒಂದೊಂದನ್ನೇ ಎತ್ತಿ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುವ ನನ್ನನ್ನು ಕಾಯಿಪಲ್ಯ ಮಾರುವ ಅಜ್ಜಿ ಮೊದಮೊದಲು ಬೈದಳು. ಈಗ ನೆಟ್ಟಗಿನ ಕಾಯಿಗಳನ್ನು ಅವಳೇ ಒಂದು ಕಡೆ ತೆಗೆದಿಟ್ಟಿರುತ್ತಾಳೆ.

ಇನ್ನು ತುಂಬುವುದು. ಸೀಳಿದ ಕಾಯಿಗೆ ತುಂಬುವುದು ಹಚ್ಚಿದಂತೆ. ಕೊರೆದ ಕಾಯಿಗೆ ತುಂಬುವುದು ಚೀಲ ತುಂಬಿದಂತೆ. ಹಿಟ್ಟು ತುಸು ಉದುರುದುರಾಗಿರಬೇಕು. ತೀರ ಜಿಗುಟಾದರೆ ಬಾಯಲ್ಲೇ ಕಟ್ಟಿಕೊಂಡು ತಳ ಖಾಲಿ ಉಳಿಯುತ್ತದೆ. ಮೊದಲು ಒಂದು ಚಿಟಿಕೆ ಹಾಕಿ ಕಾಯಿಯ ಬುಡವನ್ನು ಅಂಗೈಗೆ ತಟ್ಟಬೇಕು. ಅದು ತಳ ಸೇರಿದ್ದು ಬೆರಳಿಗೆ ತಿಳಿಯುತ್ತದೆ. ಮತ್ತೊಂದು ಚಿಟಿಕೆ, ಮತ್ತೊಂದು ತಟ್ಟು. ಬಾಯಿಯ ಹತ್ತಿರ ಅರ್ಧ ಬೆರಳು ಜಾಗ ಬಿಡಬೇಕು. ಕಾಯಿಯ ನೀರು ಕುಡಿದು ಕಡಲೆಹಿಟ್ಟು ಉಬ್ಬುತ್ತದೆ, ಅದಕ್ಕೆ ಅಷ್ಟು ಜಾಗ ಬೇಕು. ಮೊದಲ ಸಲ ನನಗೆ ಇದು ಗೊತ್ತಿರಲಿಲ್ಲ. ಕಂಠಮಟ ತುಂಬಿ, ಕೊಯ್ದ ತೊಟ್ಟನ್ನೇ ಮುಚ್ಚಳ ಮಾಡಿ ಕಡ್ಡಿ ಚುಚ್ಚಿ ಬಿಗಿದಿದ್ದೆ. ಹಂಚಿನ ಮೇಲೆ ಇಟ್ಟ ಸ್ವಲ್ಪ ಹೊತ್ತಿಗೆ ಎರಡು ಕಾಯಿ ಸಿಡಿದು ಎಣ್ಣೆ ಮುಂಗೈ ಮೇಲೆ ಬಿತ್ತು. ಒಳಗಿನ ಹಬೆಗೆ ದಾರಿ ಇರಲಿಲ್ಲ. ಅಂದಿನಿಂದ ಕಾಯಿಯ ತುದಿಗೆ ಸೂಜಿಯಿಂದ ಒಂದು ರಂಧ್ರ ಮಾಡುತ್ತೇನೆ. ಹಂಚು ಕಾದಾಗ ಆ ರಂಧ್ರದಿಂದ ದಾರದಂಥ ಹಬೆ ಬರುತ್ತದೆ. ಅದು ನಿಂತರೆ ಒಳಗೆ ಬೆಂದಿದೆ ಎಂದು ಲೆಕ್ಕ.

ತೆಗೆದ ದಿಂಡು ಬೀಜಗಳನ್ನು ಎಸೆಯುವುದಿಲ್ಲ. ಖಾರವೆಲ್ಲ ಅಲ್ಲೇ ಇದೆಯಲ್ಲ! ಬೆಳ್ಳುಳ್ಳಿ, ಉಪ್ಪು ಹಾಕಿ ಕುಟ್ಟಿ ಎಣ್ಣೆಯಲ್ಲಿ ಹುರಿದಿಟ್ಟರೆ ಎರಡು ದಿನ ರೊಟ್ಟಿಗೆ ಒಂದು ಚಟ್ನಿ.

ಕಳೆದ ಶ್ರಾವಣದಲ್ಲಿ ಅವ್ವ ನಮ್ಮ ಮನೆಯಲ್ಲಿದ್ದಳು. ಅವಳ ಕಣ್ಣು ಈಗ ಮಸುಕು. ಚಾಕು, ಈಳಿಗೆ ಕೊಡಲು ನಮಗೆ ಭಯ. ನಾನು ಕೊರೆಯುತ್ತಿದ್ದ ಸದ್ದು ಕೇಳಿ ಅಡುಗೆಮನೆಯ ಬಾಗಿಲಿಗೆ ಬಂದು ಕೂತಳು. "ಏನ್ ಕೆರಕೊಂತ ಕೂತಿದಿ ತಮ್ಮಾ? ಇಲ್ಲಿ ಕೊಡು ನೋಡೂನು." ಕೊಟ್ಟೆ. ಹಿಡಿಕೆಯನ್ನು, ಹಲ್ಲುಗಳನ್ನು ಬೆರಳಿನಿಂದ ಒಮ್ಮೆ ನಿಧಾನವಾಗಿ ಸವರಿ ತಿಳಿದುಕೊಂಡಳು. ಕಾಯಿಯ ಬಾಯಿಗೆ ಕಿರುಬೆರಳು ಇಟ್ಟು ದಿಂಡು ಎಲ್ಲಿದೆ ಎಂದು ಗೊತ್ತು ಮಾಡಿಕೊಂಡಳು. ಆಮೇಲೆ ಒತ್ತಿದಳು. ಹಿಡಿಕೆ ತಿರುಗಿಸಬಾರದು, ಕಾಯಿ ತಿರುಗಿಸಬೇಕು ಎಂದು ನಾನು ಹೇಳಬೇಕೆನ್ನುವಷ್ಟರಲ್ಲಿ ಅವಳ ಎಡಗೈ ತಾನಾಗಿಯೇ ತಿರುಗಿತ್ತು. ದಿಂಡು ಪೂರ್ತಿಯಾಗಿ ಹೊರಬಂತು. ಅವಳು ಅದನ್ನು ನೋಡಲಿಲ್ಲ. ಕೊರೆದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು, ಬ್ಯಾಡಗಿ ಕಾಯಿಗೆ ಮಾಡುತ್ತಿದ್ದಂತೆಯೇ ಅಲ್ಲಾಡಿಸಿದಳು.

"ಒಂದು ಬೀಜ ಉಳದದ," ಅಂದಳು.

ನಾನು ಇಸಿದುಕೊಂಡು ಕಿಟಕಿಗೆ ಹಿಡಿದೆ. ಹಸಿರು ಬೆಳಕಿನ ತಳದಲ್ಲಿ ಒಂದೇ ಒಂದು ಬಿಳಿ ಬೀಜ ಕೂತಿತ್ತು. ಅಷ್ಟರಲ್ಲಿ ಅವ್ವ ಮುಂದಿನ ಕಾಯಿಗೆ ಕೈ ಚಾಚಿದ್ದಳು.